ಜುಲೈ ಅಲ್ಲ, ಆಗಸ್ಟ್ ಏಳು

"ನವೀದ ಅಂದ್ರ ನೀವೇನ್ರಿ?"

ಜೈನಬಳ ಫೋನಿಗೆ ಓಡಿಬಂದು, ಆಸ್ಪತ್ರೆಯ ರಕ್ತನಿಧಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಯುವಕ ತಲೆಯಾಡಿಸಿದ. ಅವಳು ಮೊಬೈಲನ್ನು ಅವನತ್ತ ಚಾಚಿದಳು.

"ರಕ್ತ ಕೊಡಾವ್ರು ಹತ್ತಕ್ಕ ಬರ್ತಾರ ಅಂದ್ರಿ. ಹನ್ನೊಂದೂವರಿ ಆತು, ಒಬ್ಬರೂ ಬಂದಿಲ್ಲ."

ಮರುದಿನ ಬೆಳಿಗ್ಗೆ ಅವಳ ಅಮ್ಮಿ ಫಿರ್ದೋಸಳಿಗೆ ಹೃದಯದ ಶಸ್ತ್ರಚಿಕಿತ್ಸೆ. ಓ ನೆಗೆಟಿವ್ ರಕ್ತ ಮೂರು ಬಾಟಲಿ, ಇಂದು ಸಂಜೆ ನಾಲ್ಕರೊಳಗೆ ಸಿಗದಿದ್ದರೆ ಮುಂದೂಡಬೇಕು ಎಂದಿದ್ದರು ಡಾಕ್ಟರು. ಮುಂದೂಡಿದರೆ ಆ ಸೋತ ಹೃದಯ ಎಷ್ಟು ದಿನ ತಡೆದೀತು ಎಂಬುದನ್ನು ಮಾತ್ರ ಹೇಳಿರಲಿಲ್ಲ...

ಜೈನಬ ಗೋವಾದ ದಾಬೋಲಿಮ್‌ನ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯುವವಳು. ಅಪ್ಪನಿಲ್ಲ, ಒಡಹುಟ್ಟಿದವರಿಲ್ಲ. ವಾಸ್ಕೋ ಪಕ್ಕದ ಸಡಾದ ಹುಡುಗರು ನಡೆಸುವ ರಕ್ತದಾನಿಗಳ ಫೇಸ್‌ಬುಕ್ ಪುಟವನ್ನೇ ಅವಳು ನಂಬಿದ್ದಳು. ಅಲ್ಲಿ ಫಾರ್ಮ್ ತುಂಬಿದರೆ ಸಾಕು, ಕಂಪ್ಯೂಟರೇ ಪೋಸ್ಟ್ ಬರೆದು ಹಾಕುತ್ತಿತ್ತು. ಆ ಪ್ರೋಗ್ರಾಂ ಬರೆದವನೇ ನವೀದ, ವಾಸ್ಕೋದ ಹಡಗು ಕಂಪನಿಯೊಂದರ ಗುಮಾಸ್ತ.

ಅವನು ಮೊಬೈಲು ಇಸಿದುಕೊಂಡು ನೋಡಿದ. ಪೋಸ್ಟಿನ ಕೆಳಗೆ ಯಾರೋ ಬರೆದಿದ್ದರು: 'ಇದು ಹೋದ ತಿಂಗಳದ್ದು, ಹಂಚಬ್ಯಾಡ್ರಿ.'

ನವೀದ ಪೋಸ್ಟನ್ನು ಮೇಲಿನಿಂದ ಮತ್ತೆ ಓದಿದ. ಪೋಸ್ಟಿನಲ್ಲಿದ್ದ ದಿನಾಂಕ 08/07/2025. ಕಂಪ್ಯೂಟರ್ ತಿಂಗಳನ್ನು ಮೊದಲು ಬರೆದಿತ್ತು. ಆಗಸ್ಟ್ ಏಳನ್ನು ಜನ ಜುಲೈ ಎಂಟೆಂದು ಓದಿ, ಮುಗಿದ ಮಾತೆಂದು ಮುಂದೆ ಸರಿದಿದ್ದರು.

"ತಪ್ಪು ನಂದ್ರಿ," ಎಂದ ಅವನು ತಗ್ಗಿದ ದನಿಯಲ್ಲಿ. "ಹದಿನೈದನೇ ತಾರೀಖು ಹಾಕಿ ಪರೀಕ್ಷಾ ಮಾಡಿದ್ದೆ. ಹದಿನೈದನೇ ತಿಂಗಳು ಅಂತ ಯಾರೂ ಓದೂದಿಲ್ಲಲ್ಲ... ಈ ಗೊಂದಲ ನನಗ ಹೊಳೀಲೇ ಇಲ್ಲ."

"ನಿಮಗ ಅದು ಬರೇ ಅಂಕಿರಿ. ನನಗ ಅಮ್ಮಿ."

ಅವನು ಮೊಬೈಲನ್ನು ಅವಳ ಕೈಗಿತ್ತು ಮೆಟ್ಟಿಲಿಳಿದು ಹೋಗಿಬಿಟ್ಟ.

ಸ್ವಲ್ಪ ಹೊತ್ತಿಗೆ ನೋಡಿದರೆ ಪುಟದಲ್ಲಿ ಪೋಸ್ಟೇ ಇಲ್ಲ! ಅಳಿಸಿ ಓಡಿಹೋದನೇ? ತನ್ನ ಹೆಸರು ಕೆಡಬಾರದೆಂದು ಗುರುತನ್ನೇ ಒರೆಸಿದನೇ? ಜೈನಬ ವಾರ್ಡಿನತ್ತ ನಡೆದಳು. ಅವನ ಕರೆ ಎರಡು ಸಲ ಬಂತು. ಎರಡು ಸಲವೂ ಕತ್ತರಿಸಿ ಮೊಬೈಲನ್ನು ಚೀಲಕ್ಕೆ ಹಾಕಿದಳು.

ವಾರ್ಡಿನಲ್ಲಿ ಅಮ್ಮಿ ರಕ್ತ ಸಿಕ್ಕಿತೇ ಎಂದು ಕೇಳಿದಳು. ಸಿಗುತ್ತದೆ ಎನ್ನುವಷ್ಟರಲ್ಲಿ ಜೈನಬಳಿಗೆ ಸಾಕುಸಾಕಾಯಿತು. ಒಂದು ಗಂಟೆ... ಎರಡು ಗಂಟೆ... ಗಡಿಯಾರ ನೋಡಲೂ ಭಯ.

ಎರಡೂವರೆಗೆ ಹೆಂಗಸೊಬ್ಬಳು ರಕ್ತ ಕೊಡಲೆಂದು ಫಿರ್ದೋಸಳ ಹೆಸರು ಕೇಳುತ್ತ ಬಂದಳು. ಅವಳ ಹಿಂದೆಯೇ ಬಂದರಿನ ಕೆಲಸಗಾರನೊಬ್ಬ. ಈಗ ಹೇಗೆ ಗೊತ್ತಾಯಿತೆಂದು ಜೈನಬ ಬೆರಗಾದಳು.

ಹೆಂಗಸು ಮೊಬೈಲು ತೋರಿಸಿದಳು. ಅದೇ ಪುಟ, ಹೊಸ ಪೋಸ್ಟ್: 'ಇವತ್ತೇ, ಗುರುವಾರ, ಆಗಸ್ಟ್ 7, ಸಂಜೆ 4 ಗಂಟೆಯ ಒಳಗೆ.' ಕೆಳಗೆ ಇನ್ನೊಂದು ಸಾಲು: 'ಹಿಂದಿನ ಪೋಸ್ಟಿನಲ್ಲಿ ದಿನಾಂಕ ಗೊಂದಲ ಮಾಡಿತ್ತು. ತಪ್ಪು ನನ್ನದು. ನವೀದ.'

ಹಾಗಾದರೆ ಅವನು ಓಡಿಹೋಗಿರಲಿಲ್ಲ...

ಇಬ್ಬರೂ ರಕ್ತ ಕೊಟ್ಟರು. ಆದರೆ ಇನ್ನೊಂದು ಬಾಟಲಿ? ಜೈನಬ ತಾನೇ ಅವನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮೂರೂವರೆ. ಮೂರೂ ಮುಕ್ಕಾಲು. ತಾನು ಕತ್ತರಿಸಿದ ಆ ಎರಡು ಕರೆಗಳಲ್ಲಿ ಏನು ಹೇಳಬೇಕೆಂದಿದ್ದನೋ!

ನಾಲ್ಕಕ್ಕೆ ಆರು ನಿಮಿಷವಿರುವಾಗ ನವೀದ ಬಂದ. ಮೈಯೆಲ್ಲ ಧೂಳು. ಜೊತೆಗೆ ಅದೇ ಗುಂಪಿನ ರಕ್ತದ ಲೋಕಪ್ಪ, ದೂರದ ಸಾಂಖಳಿಯ ಗ್ಯಾರೇಜಿನವನು. ಅವನ ಫೋನು ಬಂದ್ ಇದ್ದುದರಿಂದ ನವೀದ ಬೈಕಿನಲ್ಲೇ ಹೋಗಿ ಕರೆತಂದಿದ್ದ.

ಜೈನಬ ಏನೋ ಹೇಳಹೋದಳು. ಬಂದದ್ದು ಬರೀ ಅಳು.

ಮರುದಿನ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಆಮೇಲೆ ಒಂಬತ್ತು ಸಂಜೆ ನವೀದ ತಪ್ಪದೆ ಬಂದ. ಒಮ್ಮೆ ಗಂಜಿ ತಂದ, ಒಮ್ಮೆ ಬರಿಗೈಯಲ್ಲಿ ಬಂದು ಸುಮ್ಮನೆ ಕೂತ. ಅಮ್ಮಿ ಅವನ ಊರು ಕೇಳಿದಳು, ಮನೆಯವರನ್ನು ಕೇಳಿದಳು. ಅವನು ಬರುವ ಹೊತ್ತಿಗೆ ಜೈನಬಳ ಕಣ್ಣು ತಾನಾಗಿ ಬಾಗಿಲಿನತ್ತ ಹೊರಳುತ್ತಿತ್ತು. ನಾಳೆ ಬರದಿದ್ದರೆ? ತಪ್ಪು ತೀರಿಸಲಷ್ಟೇ ಬರುತ್ತಿದ್ದಾನೆಯೇ?

ಹತ್ತನೇ ದಿನ ಅಮ್ಮಿಯನ್ನು ಮನೆಗೆ ಕಳಿಸಿದರು. ರಿಕ್ಷಾಕ್ಕೆ ಕಾಯುತ್ತಿರುವಾಗ ಜೈನಬ ಧೈರ್ಯ ಮಾಡಿದಳು.

"ನಾಳಿಂದ ನೀವು ಬರೂದು ಬ್ಯಾಡಲ್ರಿ. ತಪ್ಪು ತೀರಿತು."

"ತಪ್ಪು ಮೊದಲ್ನೇ ವಾರದಾಗೇ ತೀರಿತ್ರಿ," ಎಂದ ನವೀದ. "ನಾನು ಮನಿಗೆ ಬರ್ಲ್ಯಾ?"

"ಯಾತಕ್ಕ?"

"ಅಮ್ಮೀನ ಒಂದು ಮಾತು ಕೇಳಬೇಕು. ನಿಮ್ಮ ಬಗ್ಗೆ."

"ಮೊದಲ ನನ್ನ ಕೇಳಬೇಕಲ್ರಿ?"

"ಕೇಳಾಕತ್ತೇನಿ, ಜೈನಬ."

ರಿಕ್ಷಾ ಬಂದು ನಿಂತಿತು. ಅಮ್ಮಿಯನ್ನು ಹುಷಾರಾಗಿ ಕೂರಿಸಿ, ತಾನೂ ಹತ್ತಿ, ಜೈನಬ ಅಂಚಿಗೆ ಸರಿದು ಕೂತಳು.

"ಇನ್ನೊಬ್ಬರು ಕೂಡಬಹುದ್ರಿ," ಎಂದಳು. "ಬರ್ರಿ, ಮನಿಗೆ ಹೋಗೂಣು."