ಬಾಯಲ್ಲಿ ಹಿಡಿದ ಮೊಳೆಗಳು

ದಂತವೈದ್ಯರ ಚಿಕಿತ್ಸಾಲಯಕ್ಕೆ, ರೋಗಿಗಳು ಕಾದು ಕೂರಲೆಂದು, ಮೆತ್ತೆ ಹೊದಿಸಿದ ಹೊಸ ದಿವಾನ ಬಂದದ್ದು ಶುಕ್ರವಾರ ಬೆಳಿಗ್ಗೆ. ಇಳಿಸುವಷ್ಟರಲ್ಲಿ ನಾಲ್ವರು ಹಮಾಲಿಗಳು ಬೆವತು ಹೋಗಿದ್ದರು. "ಒಳಗೆ ಆನೆ ಕೂರಿಸಿದ್ದಾರೇನ್ರೀ?" ಎಂದು ಒಬ್ಬ ಗೊಣಗಿದ್ದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ವಾಸನೆ. ರೋಗಿಗಳು ಒಬ್ಬರ ಬಾಯಿಯನ್ನು ಇನ್ನೊಬ್ಬರು ಅನುಮಾನಿಸುತ್ತ ದೂರ ಸರಿದು ಕುಳಿತರು. ಕೊನೆಗೆ ವೈದ್ಯರೂ ಕಾಂಪೌಂಡರೂ ಸೇರಿ ದಿವಾನವನ್ನು ಮಗುಚಿ, ತಳದ ಗೋಣಿಬಟ್ಟೆಯನ್ನು ಹರಿದರು.

ಒಳಗೆ ಒಂದು ಶವ ಮಡಿಚಿಕೊಂಡು ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಸತ್ತವನು ಆ ದಿವಾನವನ್ನು ತಯಾರಿಸಿದ ಕಾರ್ಖಾನೆಯ ಯಜಮಾನ.

ಪೊಲೀಸರು ತಡಮಾಡಲಿಲ್ಲ. ಗುರುವಾರ ಸಂಜೆ ಯಜಮಾನನ ಜೊತೆ ಕೊನೆಯದಾಗಿ ಉಳಿದವನು ಕಾರ್ಖಾನೆಯ ಬಡಗಿ. ಅಲ್ಲಿ ಸಿಕ್ಕ, ರಕ್ತ ಮೆತ್ತಿದ್ದ ಮರದ ಸುತ್ತಿಗೆ, ಆ ಕೊಡತಿ, ಅವನದು. ಅಂದು ಸಂಜೆ ಐದಕ್ಕೆ ಬಂದ ನೀಲಿ ಮೊಳೆಗಳ ಹೊಸ ಪೊಟ್ಟಣಕ್ಕೆ ಸಹಿ ಹಾಕಿದವನೂ ಅವನೇ. ಅಂಥ ಮೊಳೆ ಆ ಕಾರ್ಖಾನೆಗೆ ಬಂದದ್ದು ಅದೇ ಮೊದಲು. ಶವದ ಮೇಲೆ ಬಟ್ಟೆ ಬಿಗಿದದ್ದೂ ಅವುಗಳಿಂದಲೇ. "ಅಣ್ಣ ಅವನನ್ನು ಕೆಲಸದಿಂದ ತೆಗೆಯುವವನಿದ್ದ" ಎಂದು ಯಜಮಾನನ ತಮ್ಮ ಸಾಕ್ಷಿ ನುಡಿದ.

ಬಡಗಿ ಹದಿನಾಲ್ಕು ವರ್ಷ ಜೈಲಿನಲ್ಲಿದ್ದ.

*

ಕೊಲೆಯಾಗಿ ಮೂವತ್ತೊಂದು ವರ್ಷಗಳಾದ ಮೇಲೆ ಆ ಬಡಗಿ ಹಳೆಯ ಪ್ರಕರಣಗಳ ವಿಭಾಗಕ್ಕೆ ಬಂದು ಇನ್ಸ್‌ಪೆಕ್ಟರ್ ಎದುರು ಕುಳಿತ.

"ಬಿಡುಗಡೆಯಾಗಿ ಹದಿನೇಳು ವರ್ಷ ಆಯ್ತಲ್ಲ, ಅಜ್ಜಾ," ಎಂದಳು ಆಕೆ. "ಈಗ್ಯಾಕೆ?"

"ಬಿಡುಗಡೆ ನನಗಾಯ್ತಮ್ಮ, ನನ್ನ ಮಗಳಿಗಾಗಲಿಲ್ಲ. ಕೊಲೆಗಾರನ ಮಗಳು ಅನ್ನಿಸ್ಕೊಂಡೇ ಬೆಳೆದಳು. ನನ್ನ ಮುಖ ನೋಡಲ್ಲ. ನನ್ನ ಮಾತು ಅವಳಿಗೆ ಬೇಡ, ಮೊಹರಿರೋ ಕಾಗದ ಬೇಕು."

"ನಾನು ಮಾಡಿಲ್ಲ ಅಂತ ಎಲ್ರೂ ಹೇಳ್ತಾರೆ," ಎಂದಳು ಇನ್ಸ್‌ಪೆಕ್ಟರ್.

"ನಾನು ಹೇಳೋದು ಬೇಡ, ಮೊಳೆಗಳನ್ನ ಕೇಳಿ. ಪೊಟ್ಟಣ ಯಜಮಾನರ ಕೈಗೆ ಕೊಟ್ಟು ನಾನು ಮನೆಗೆ ಹೋದೆ. ಆ ಸಣ್ಣ ಮೊಳೆ ಕುಷನ್ ಕೆಲಸದವರದು. ಒಂದು ಕೈ ಬಟ್ಟೆ ಬಿಗಿಹಿಡಿದಿರುತ್ತಲ್ಲ, ಅದಕ್ಕೇ ಅವರು ಮೊಳೆ ಬಾಯಿಗೆ ತುಂಬ್ಕೋತಾರೆ. ನಾಲಿಗೆಯಲ್ಲಿ ಒಂದೊಂದೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೀತಾರೆ. ನಾನು ಬಡಗಿ. ಬೀಡಿ ಬಿಟ್ಟು ಬೇರೇನೂ ಬಾಯಿಗೆ ಹಾಕಿದವನಲ್ಲ."

"ಅಲ್ಲಿ ಕುಷನ್ ಕೆಲಸ ಯಾರ್ಯಾರಿಗೆ ಬರ್ತಿತ್ತು?"

"ಮಾಡ್ತಿದ್ದವರು ಯಜಮಾನರೊಬ್ಬರೇ. ತಮ್ಮನಿಗೂ ಅವರಪ್ಪ ಕಲಿಸಿದ್ರು. ಆದ್ರೆ ಆ ಮಹಾರಾಯರಿಗೆ ಅಂಗಡಿ ಮುಂದಿನ ಕುರ್ಚಿಯೇ ಹಿತ. ಆ ಸಂಜೆ ಯಜಮಾನರು ನನ್ನನ್ನ ಪಾಲುದಾರ ಮಾಡ್ಕೋತೀನಿ ಅಂದಿದ್ರಮ್ಮ. ಯಾರೂ ನಂಬಲಿಲ್ಲ."

*

ಕಡತದಲ್ಲಿ ಹತ್ತು ವರ್ಷ ಹಿಂದಿನ ವರದಿಯೊಂದಿತ್ತು. ಬಡಗಿಯ ಅರ್ಜಿಯ ಮೇಲೆಯೇ ಮೊಳೆಗಳ ಪರೀಕ್ಷೆ ನಡೆದಿತ್ತು. ಅವುಗಳ ಮೇಲಿನ ಜೊಲ್ಲು ಸತ್ತವನದೇ ಎಂದು ಬರೆದು ಕಡತ ಮುಚ್ಚಲಾಗಿತ್ತು.

"ಸತ್ತವನು ಒಳಗೆ ಮಲಗಿ, ಹೊರಗಿನಿಂದ ಮೊಳೆ ಹೊಡ್ಕೊಂಡನೇ?" ಎಂದು ಇನ್ಸ್‌ಪೆಕ್ಟರ್ ಪ್ರಯೋಗಾಲಯದ ತಜ್ಞನನ್ನು ಕೇಳಿದಳು.

"ಅವನು ಬಾಯಿಂದ ಉಗುಳಿದ್ದನ್ನೇ ಕೊಲೆಗಾರ ಬಳಸಿರಬಹುದು ಅಂದ್ಕೊಂಡ್ರು. ಆಗ ಸಿಕ್ಕ ಡಿಎನ್ಎ ಬರೀ ಚೂರು, ಮೇಡಂ. ತಂದೆಯಿಂದ ಗಂಡುಮಕ್ಕಳಿಗೆ ಹಾಗೇ ಇಳಿಯೋ ಭಾಗ ಮಾತ್ರ ಓದೋಕಾಯ್ತು. ಅದು ಸತ್ತವನದಕ್ಕೆ ತಾಳೆಯಾಯ್ತು."

"ಈಗ?"

"ಈಗ ಅದರ ನೂರರಲ್ಲೊಂದು ಪಾಲು ಸಾಕು, ಪೂರ್ತಿ ಓದಬಹುದು. ಮೊಳೆಯ ತಲೆಗೂ ಬಟ್ಟೆಗೂ ನಡುವೆ ಒಣಗಿದ್ದು ಇನ್ನೂ ಹಾಗೇ ಇದೆ. ಆರು ವಾರ ಕೊಡಿ."

ಏಳನೆಯ ವಾರ ತಜ್ಞನ ದೂರವಾಣಿ ಕರೆ ಬಂತು.

"ಸತ್ತವನದಲ್ಲ, ಮೇಡಂ. ಬಡಗಿಯದೂ ಅಲ್ಲ. ಆದರೆ ಸತ್ತವನ ತಂದೆಗೇ ಹುಟ್ಟಿದವನದು."

ಆ ತಂದೆಗೆ ಇದ್ದದ್ದು ಇಬ್ಬರೇ ಗಂಡುಮಕ್ಕಳು.

*

ತಮ್ಮನ ಮಳಿಗೆಗೆ ಈಗ ಮೂರು ಅಂತಸ್ತು. ಎಲ್ಲೆಡೆ ಸೋಫಾಗಳು. ಇನ್ಸ್‌ಪೆಕ್ಟರ್ ನಿಂತೇ ಇದ್ದಳು.

"ಕೊಲೆಯಾದ ವಾರ ಎಲ್ಲಿದ್ರಿ?"

"ಪರ ಊರಲ್ಲಿ, ಬಟ್ಟೆ ಖರೀದಿಗೆ. ಸೋಮವಾರ ಹೋದವನು ಶನಿವಾರ ಬಂದೆ."

"ನಡುವೆ ಬಂದಿರಲಿಲ್ಲ?"

"ಎಷ್ಟು ಸಲ ಹೇಳೋದು? ಬೇಕಿದ್ರೆ ಬರ್ಕೊಡ್ತೀನಿ."

"ಬರ್ಕೊಡಿ."

ಅವನು ಬರೆದು ಸಹಿ ಹಾಕಿದ. ಆಮೇಲೆ ಆಕೆ ನ್ಯಾಯಾಲಯದ ಆದೇಶವನ್ನು ಮುಂದಿಟ್ಟಳು. ತಜ್ಞ ಅವನ ಕೆನ್ನೆಯ ಒಳಭಾಗಕ್ಕೆ ಹತ್ತಿ ಸವರಿಕೊಂಡ.

"ಆ ಜೊಲ್ಲು ಅಣ್ಣನದು ಅಂತ ಹಿಂದೆಯೇ ಬಂದಿತ್ತಲ್ಲ?" ಎಂದ ತಮ್ಮ.

*

ಹತ್ತು ದಿನಗಳ ನಂತರ ಅವನನ್ನು ಠಾಣೆಗೆ ಕರೆಸಲಾಯಿತು. ವರದಿ ಮೇಜಿನ ಮೇಲಿತ್ತು. ಐವತ್ತೆರಡು ಮೊಳೆಗಳಲ್ಲಿ ಹತ್ತೊಂಬತ್ತು ಮಾತಾಡಿದ್ದವು. ಎಲ್ಲವೂ ಒಬ್ಬನ ಹೆಸರನ್ನೇ ಹೇಳಿದ್ದವು.

"ಹಿಂದೆ ಯಾವಾಗಲೋ ಬಾಯಲ್ಲಿಟ್ಟು ಉಗುಳಿರಬಹುದು," ಎಂದ.

"ಹಿಂದೆ ಅಂದ್ರೆ ಯಾವಾಗ? ಪೊಟ್ಟಣ ಬಂದದ್ದು ಗುರುವಾರ ಸಂಜೆ. ಶುಕ್ರವಾರ ಬೆಳಿಗ್ಗೆ ದಿವಾನ ಹೊರಟುಹೋಯ್ತು. ಆಗ ನೀವು ಪರ ಊರಲ್ಲಿದ್ರಿ. ನಿಮ್ಮ ಕೈಬರಹವೇ ಇದೆ. ನೀಲಿ ಮೊಳೆ ಅದಕ್ಕೂ ಮೊದಲು ಅಲ್ಲಿರಲಿಲ್ಲ ಅನ್ನೋದನ್ನ ಬಡಗಿಗೆ ಶಿಕ್ಷೆ ಕೊಡಿಸೋಕೆ ಸರ್ಕಾರಿ ವಕೀಲರೇ ಸಾಬೀತು ಮಾಡಿಟ್ಟಿದ್ದಾರೆ. ಆ ಬಟ್ಟೆಗೆ ಮೊಳೆ ಹೊಡೆದವನಿಗೆ ಒಳಗೇನಿದೆ ಅಂತ ಗೊತ್ತಿತ್ತು."

ಅವನು ವರದಿಯನ್ನು ಮೇಜಿನ ಆ ಕಡೆಗೆ ತಳ್ಳಿದ.

"ಬಡಗಿಯನ್ನ ಪಾಲುದಾರ ಮಾಡ್ತಾನಂತೆ. ಅಪ್ಪ ಕಟ್ಟಿದ ಅಂಗಡಿಗೆ! ಫೋನಲ್ಲಿ ಹೇಳ್ದ. ಮಾತಾಡೋಣ ಅಂತ ಬಂದೆ."

"ಕೊಡತಿ ಹಿಡ್ಕೊಂಡು ಮಾತಾಡಿದ್ರಾ?"

ಅವನು ತಲೆ ತಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಂಡ.

"ಮೊಳೆ ಬಾಯಿಗೆ ಹಾಕದೆ ಇದ್ದಿದ್ರೆ ನೀವು ಸಿಕ್ಕಿಬೀಳ್ತಿರಲಿಲ್ಲ," ಎಂದಳು ಇನ್ಸ್‌ಪೆಕ್ಟರ್.

"ಹಾಕಿದ್ದು ನೆನಪೇ ಇಲ್ಲ, ಮೇಡಂ. ಏಳು ವರ್ಷದವನಿದ್ದಾಗ ಅಪ್ಪ ಕಲಿಸಿದ್ದು. ಬಟ್ಟೆ ಬಿಗಿಹಿಡಿದ್ರೆ ಬಾಯಿ ತಾನಾಗೇ ತೆರ್ಕೊಳ್ಳುತ್ತೆ."

*

ಬಡಗಿ ಹೊರಗಿನ ಬೆಂಚಿನ ಮೇಲಿದ್ದ. ಕೊಲೆಗಾರ ಅವನಲ್ಲ ಎಂದು ಬರೆದ, ಮೊಹರಿರುವ ಕಾಗದ ಅವನ ಮಡಿಲಲ್ಲಿತ್ತು. ಇನ್ಸ್‌ಪೆಕ್ಟರ್ ಅವನ ಮಗಳಿಗೆ ದೂರವಾಣಿ ಮಾಡಿ ಅದನ್ನು ಓದಿ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಅಪ್ಪ ಎಲ್ಲಿದ್ದಾರೆ?"

"ಇಲ್ಲೇ, ನನ್ನೆದುರಿಗೆ."

"ಅಲ್ಲೇ ಕೂತಿರೋಕೆ ಹೇಳಿ. ಬರ್ತಿದೀನಿ."

ಇನ್ಸ್‌ಪೆಕ್ಟರ್ ಹಾಗೇ ಹೇಳಿದಳು. ಮುದುಕ ಗೋಡೆಯ ಗಡಿಯಾರ ನೋಡಿದ.

"ಎಷ್ಟು ಹೊತ್ತಾಗುತ್ತಂತಮ್ಮ?"

"ಮೂರು ಗಂಟೆಯಾದ್ರೂ ಬೇಕು. ಒಳಗೆ ಬಂದು ಕೂತ್ಕೋ, ಅಜ್ಜಾ."

"ಒಳಗೆ ಬೇಡಮ್ಮ," ಎಂದ ಬಡಗಿ. "ಒಳಗೆ ಸಾಕಷ್ಟು ಕೂತಿದ್ದೀನಿ."