ಹದಿನಾಲ್ಕನೇ ಬೋನು

ಮೊದಲ ದಿನ ಕೊಟ್ರೇಶ್ ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡರು. ಎದ್ದು ನಿಂತು, ಕೈಯಲ್ಲಿದ್ದ ಶೇಂಗಾ ಉಂಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ನಾನೂ ವಾಲಂಟಿಯರ್," ಎಂದೆ.

"ಹಂಗಾದ್ರೆ ಬರ್ರಿ ಮೇಡಂ, ಉಂಡಿ ಪುಡಿ ಮಾಡ್ರಿ. ಇಲಿಗಳಿಗೆ ಊಟದ ಹೊತ್ತಾತು."

ಕೊಂಡಜ್ಜಿ ಕಾಡಿನಲ್ಲಿ ಆರು ದಿನದ ಸರ್ವೆ. ಕಾಡಿಲಿ, ಸೊಂಡಿಲಿಯಂಥ ಸಣ್ಣ ಪ್ರಾಣಿಗಳು ಎಲ್ಲಿ, ಎಷ್ಟಿವೆ ಎಂದು ನೋಡುವ ಕೆಲಸ. ಸಂಜೆ ನಲವತ್ತು ತಗಡಿನ ಬೋನುಗಳಲ್ಲಿ ತೀನಿಯಾಗಿ ಒಂದೊಂದು ಚಿಟಿಕೆ ಉಂಡಿ ಪುಡಿ ಇಡಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು ತೆರೆದು, ಸಿಕ್ಕಿದ್ದನ್ನು ಬಟ್ಟೆ ಚೀಲದಲ್ಲಿ ತೂಗಿ, ಬೆನ್ನ ಮೇಲಿನ ಕೂದಲು ಸ್ವಲ್ಪ ಕತ್ತರಿಸಿ ಗುರುತು ಮಾಡಿ, ಅಲ್ಲೇ ಬಿಡಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಬರೆಯಬೇಕು. ತಂಡದ ಮುಖ್ಯಸ್ಥ ಮುರುಗೇಶಪ್ಪ ಸರ್ ನಮ್ಮಿಬ್ಬರನ್ನು ಜೋಡಿ ಮಾಡಿದರು.

ಕೊಟ್ರೇಶ್‌ಗೆ ಹರಿಹರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ತಂತಿ ಸುತ್ತಿ ಪಳಗಿದ ಬೆರಳುಗಳಲ್ಲಿ ಇಲಿ ಒದ್ದಾಡುತ್ತಿರಲಿಲ್ಲ. ಮೂರು ವರ್ಷದಿಂದ ತಪ್ಪದೆ ಬರುತ್ತಿದ್ದರಂತೆ.

ನಾನು ಬರೆಯುವವಳು. ಸಂಖ್ಯಾಶಾಸ್ತ್ರ ಓದಿದವಳು. ಗಂಡ ವಿಜಯ್ ತೀರಿಕೊಂಡು ಎರಡು ವರ್ಷ. ಕೊನೆಗೆ ಮುಟ್ಟಿದ್ದು ಅವನ ಪಾದ, ತಣ್ಣಗಿತ್ತು. ಆಮೇಲೆ ಯಾವುದನ್ನು ಮುಟ್ಟಿದರೂ ಅಷ್ಟೇ ತಣ್ಣಗೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಅತ್ತೆ ಮತ್ತು ನಾನು ಊಟಕ್ಕೆ ಕೂರುತ್ತೇವೆ. ಅವರು ನನ್ನ ತಟ್ಟೆ ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ.

ಇಲ್ಲಿಗೆ ಕಳಿಸಿದ್ದೂ ಅವರೇ. "ಆರು ದಿನ ಕಾಡಾಗೆ ಅಡ್ಡಾಡು. ಹಸಿವಾದ್ರೂ ಆಗ್ತೈತೆ."

ಎರಡನೇ ದಿನ ಹದಿನಾಲ್ಕನೇ ಬೋನಿನಲ್ಲಿ ಒಂದು ಕಂದು ಇಲಿ ಸಿಕ್ಕಿತು. ತೂಗಿ, ಗುರುತು ಮಾಡಿ ಬಿಡಲು ಹೋದರೆ, ಕೊಟ್ರೇಶ್‌ರ ಅಂಗೈ ಮೇಲೆ ಕೂತು ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಅವಸರವೇ ಇಲ್ಲದಂತೆ.

ನಾನು ನಕ್ಕಿರಬೇಕು. ಕೊಟ್ರೇಶ್ ಇಲಿಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು.

"ತೂಕ ಎಷ್ಟಂದ್ರಿ?"

"ಹದಿನೆಂಟು ಗ್ರಾಂ," ಎಂದರು, ಕಣ್ಣು ಕದಲಿಸದೆ.

ನಾನು ಹಾಳೆಯ ಕಡೆ ತಿರುಗಿದೆ. ಬರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಕೆಲಸ ಮುಗಿದ ಮೇಲೆ ಕಮರದ ಮರದ ಕೆಳಗೆ ಅವರು ತಾವೇ ಕಟ್ಟಿದ ಉಂಡಿಯ ಡಬ್ಬಿ ತೆರೆಯುತ್ತಿದ್ದರು. "ಒಂದು ಉಂಡಿ ತಗೋರಿ."

"ಬೇಡ್ರಿ."

ಮರುದಿನವೂ ಕೇಳಿದರು. ಅದರ ಮರುದಿನವೂ.

ಇಲಿ ಮಾತ್ರ ದಿನಾ ಅದೇ ಬೋನಿಗೆ ಬಂತು. ಇಪ್ಪತ್ತು ಗ್ರಾಂ. ಇಪ್ಪತ್ತಮೂರು. ಐದನೇ ದಿನ ಇಪ್ಪತ್ತಾರು.

"ಬಸುರಿ ಇರ್ಬೇಕು," ಎಂದೆ. "ಬರೀಲಾ?"

"ಗಂಡು ಐತ್ರಿ ಅದು."

ನಗು ಬಂದುಬಿಟ್ಟಿತು. ಕಾಡಿಗೆಲ್ಲ ಕೇಳುವಂತೆ. ಎರಡು ವರ್ಷದ ನಂತರ ಕೇಳಿದ ನನ್ನದೇ ದನಿ ನನಗೆ ಗುರುತು ಸಿಗಲಿಲ್ಲ. ಆದರೆ ಕೊಟ್ರೇಶ್ ನಗುತ್ತಿರಲಿಲ್ಲ. ಅಂಕಿಗಳನ್ನು ಇನ್ನೊಮ್ಮೆ ನೋಡಿದೆ.

"ಚಿಟಿಕೆ ತೀನಿಗೆ ಇಷ್ಟು ತೂಕ ಬರಲ್ಲ. ಏನು ಹಾಕ್ತಿದೀರಿ?"

ಅವರು ಇಲಿಯನ್ನು ನೆಲಕ್ಕೆ ಬಿಟ್ಟರು. "ಇಡೀ ಉಂಡಿ."

"ಯಾಕೆ?"

"ಅದನ್ನ ನೋಡಿ ನಕ್ರಿ ನೀವು. ದಿನಾ ಬರ್ಲಿ ಅಂತ..."

ಪೆನ್ನು ಹಿಡಿದು ಕೂತೆ. ಬರೆದರೆ ಅವರನ್ನು ತಂಡದಿಂದ ತೆಗೆಯುತ್ತಾರೆ. ಬರೆಯದಿದ್ದರೆ ಮೂರು ದಿನದ ಲೆಕ್ಕ ಸುಳ್ಳು.

"ಬರೀರಿ ಮೇಡಂ," ಎಂದರು ಮೆಲ್ಲಗೆ. "ತಪ್ಪು ನಂದು. ನೀವು ನಕ್ರಲ್ಲ, ಅಷ್ಟು ಸಾಕು."

ಬರೆದೆ: 'ಬೋನು 14. ತೀನಿ ಹೆಚ್ಚಾಗಿದೆ. ಲೆಕ್ಕಕ್ಕೆ ಹಿಡಿಯಬಾರದು.'

ಮುರುಗೇಶಪ್ಪ ಸರ್ ಓದಿ ಕನ್ನಡಕ ತೆಗೆದರು. "ನಾಳೆ ಮುಗಿಸ್ಕೊಡಪ್ಪ ಕೊಟ್ರೇಶಿ. ಮುಂದಿನ ವರ್ಷ ನೀನು ಬ್ಯಾಡ."

ಆ ರಾತ್ರಿ ಮನೆಯಲ್ಲಿ ಅತ್ತೆ ನನ್ನ ತಟ್ಟೆ ನೋಡಿದರು. ನಾನು ನನ್ನ ಕೈ ನೋಡುತ್ತಿದ್ದೆ.

ಆರನೇ ದಿನ ಹದಿನಾಲ್ಕನೇ ಬೋನು ಖಾಲಿ. ಒಳಗೆ ಚಿಟಿಕೆ ತೀನಿ ಹಾಗೆಯೇ ಇತ್ತು.

"ಬರ್ಲಿಲ್ಲ ನೋಡ್ರಿ," ಎಂದರು ಕೊಟ್ರೇಶ್. ಖಾಲಿ ತಗಡನ್ನು ಅಂಗೈಯಿಂದ ಒರೆಸುತ್ತಲೇ ಇದ್ದರು. ಇನ್ನು ಬೋನುಗಳನ್ನು ಮಡಚುವುದಷ್ಟೇ ಉಳಿದಿತ್ತು. ಅವರು ಹರಿಹರದ ಕಡೆಗೆ, ನಾನು ದಾವಣಗೆರೆಯ ಕಡೆಗೆ.

ಕಮರದ ಮರದ ಕೆಳಗೆ ಅವರು ಡಬ್ಬಿ ತೆರೆಯಲಿಲ್ಲ. ಕೇಳಲೂ ಇಲ್ಲ.

"ಡಬ್ಬಿ ತೆಗೀರಿ," ಎಂದೆ.

ಉಂಡಿ ಕೊಡುವಾಗ ಅವರ ಬೆರಳು ನನ್ನ ಅಂಗೈಗೆ ತಾಗಿತು. ಬೆಚ್ಚಗಿತ್ತು. ಕೈ ಹಿಂದೆ ತೆಗೆಯಲಿಲ್ಲ. ಬೆಲ್ಲ ಹಲ್ಲಿಗೆ ಅಂಟಿತು. ನಿಧಾನಕ್ಕೆ, ಇಡೀ ಉಂಡಿ ತಿಂದೆ. ಅವರು ನೋಡುತ್ತಾ ಕೂತಿದ್ದರು.

"ಇದನ್ನ ಲೆಕ್ಕಕ್ಕೆ ಹಿಡೀಬಹುದೇನ್ರಿ?"

"ಹಿಡೀರಿ," ಎಂದೆ. "ಭಾನುವಾರ ಮನೆಗೆ ಬರ್ರಿ. ನಾನು ಉಂಡಿ ತಿಂದೆ ಅಂದ್ರೆ, ಯಾರು ಕಟ್ಟಿದ್ದು ಅಂತ ನಮ್ಮತ್ತೆ ಕೇಳ್ತಾರೆ."