ಮರದ ಮೂಲೆ

“ಮಹಡಿಯಿಂದ ಕೆಳಗೆ ಜಾರುಬಂಡೆನಾ? ಓ, ಆಗುತ್ತೆ!”

ಬಿಲ್ಡರ್ ಅಂಕಲ್ ಹಾಗೆ ಹೇಳಿದ್ದೇ ತಡ, ಬುಗುರಿ ಖಾಲಿ ಸೈಟಿನ ತುಂಬ ಗಿರಗಿರ ಸುತ್ತಿದಳು. ಹೀಗೆ ಸುತ್ತುತ್ತಾಳೆ ಅಂತಲೇ ಅಜ್ಜಿ ಅವಳಿಗೆ ಆ ಹೆಸರಿಟ್ಟಿದ್ದು.

“ಎಲ್ಲಿ ಬಂದು ಇಳಿಯುತ್ತೆ ಅಂಕಲ್?”

“ಅಗೋ, ಆ ಮರದ ಮೂಲೆಗೆ.”

ಇನ್ನೊಬ್ಬ ಬಿಲ್ಡರ್ ಬರುವುದಿತ್ತು. ಇಬ್ಬರ ಮಾತೂ ಕೇಳಿ, ಮನೆ ಕಟ್ಟಲು ಒಬ್ಬರನ್ನು ಆರಿಸೋಣ ಎಂದಿದ್ದರು ಅಪ್ಪ. ಇನ್ನು ಆರಿಸುವುದೇನು ಬಂತು? ಬುಗುರಿಯ ವೋಟು ಆಗಲೇ ಅಂಕಲ್‌ಗೆ ಬಿದ್ದಾಗಿತ್ತು. ಅವಳು ಬಾಲದ ಹಾಗೆ ಅವರ ಹಿಂದೆಯೇ ಹೊರಟಳು.

ಗೇಟಿನ ಹತ್ತಿರ ಅಪ್ಪ ನಿಂತಿದ್ದರು. “ಕಾರ್ ನಿಲ್ಸೋಕೆ ಒಂದು ಶೆಡ್ ಬೇಕಿತ್ತಲ್ಲ?”

“ಆಗುತ್ತೆ ಸಾರ್! ಮರದ ಮೂಲೇಲಿ.”

ಸೈಟಿನ ಆ ತುದಿಯಲ್ಲಿ ಅಮ್ಮ. “ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳ್ಬೇಕು ನೋಡಿ.”

“ಆಗುತ್ತೆ ಮೇಡಂ! ಮರದ ಮೂಲೆ ಇದೆಯಲ್ಲ.”

ಅಜ್ಜಿ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. “ಮೆಟ್ಟಿಲು ಹತ್ತೋಕಾಗಲ್ಲಪ್ಪ. ನಂಗೆ ಕೆಳಗೇ ಒಂದು ರೂಮು ಮಾಡ್ಕೊಡ್ತೀಯಾ?”

“ಆಗುತ್ತೆ ಅಜ್ಜಿ! ಮರದ ಮೂಲೇಲಿ, ತಂಪಾಗಿ.”

ಬುಗುರಿ ಗಕ್ಕನೆ ನಿಂತಳು. ತಾನು ಜರ್ರೆಂದು ಜಾರಿ ಬಂದು ಅಮ್ಮನ ಪಾತ್ರೆಯೊಳಗೆ ಬಿದ್ದು, ಪುಟಿದು ಕಾರಿನ ಮೇಲೆ ಕೂತಂತೆ ಕಂಡಿತು. ಕಿಸಕ್ಕನೆ ನಗು ಬಂತು.

ಹೇಳಿಬಿಟ್ಟರೆ? ಜಾರುಬಂಡೆ ಹೋಯಿತು! ಬಾಯಿ ಮುಚ್ಚಿಕೊಂಡಿದ್ದರೇ ಒಳ್ಳೆಯದು.

ಆದರೆ ಅಜ್ಜಿ ಆ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿ ಆಗಲೇ ಮಂಚ ಹಾಕಿ, ಹಾಸಿಗೆ ಹಾಸಿದ್ದಾರೆ ಎನ್ನುವ ಹಾಗೆ ನಗುತ್ತಿದ್ದರು. ಬುಗುರಿ ಒಮ್ಮೆ ಅಜ್ಜಿಯನ್ನು, ಒಮ್ಮೆ ಮೂಲೆಯನ್ನು ನೋಡಿದಳು.

“ಎಲ್ರೂ ಕೇಳಿ, ಒಂದು ಗೇಮ್!” ಎಂದು ಕೂಗಿದಳು. “ನಿಮ್ನಿಮ್ಮ ಜಾಗ ಎಲ್ಲಿ ಅಂತ ಅಂಕಲ್ ಹೇಳಿದಾರಲ್ಲ? ಅಲ್ಲಿ ಹೋಗಿ ನಿಂತ್ಕೊಳ್ಳಿ. ಒನ್, ಟೂ, ತ್ರೀ!”

“ಬುಗುರಿ, ಬೇಡ ಮರಿ...” ಎಂದರು ಅಂಕಲ್. ಅಷ್ಟರಲ್ಲಿ ಎಲ್ಲರೂ ಹೊರಟಾಗಿತ್ತು.

“ರೀ, ನನ್ನ ಕಾಲು ತುಳೀತಿದೀರ! ಇದು ಅಡುಗೆಮನೆ.”

“ಅಲ್ಲ ಕಣೇ, ಇದು ಕಾರ್ ಶೆಡ್ಡು.”

“ಲೋ, ಇಬ್ರೂ ನನ್ನ ಮಂಚದ ಮೇಲೆ ನಿಂತಿದೀರಲ್ಲೋ, ಇಳೀರಿ!” ಎಂದರು ಅಜ್ಜಿ.

“ಜರ್ರ್‌ರ್! ನಾನೂ ಬಂದೆ!” ಬುಗುರಿ ಮೂವರ ನಡುವೆ ನುಗ್ಗಿದಳು.

ಎಲ್ಲರೂ ಅಂಕಲ್ ಕಡೆ ತಿರುಗಿದರು. ಅವರು ಫೋನನ್ನು ಕಿವಿಗಿಟ್ಟುಕೊಂಡರು. ಅದು ರಿಂಗೇ ಆಗಿರಲಿಲ್ಲ.

“ಹಲೋ? ಆಗುತ್ತೆ, ಆಗುತ್ತೆ... ಇಗೋ ಬಂದೆ!” ಎನ್ನುತ್ತ ಗೇಟು ದಾಟಿಬಿಟ್ಟರು.

ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಿಲ್ಡರ್ ಬಂದರು. ಧೂಳು ಮೆತ್ತಿದ ಶೂ ಹಾಕಿದ್ದ ಆಂಟಿ. ಸೈಟನ್ನೆಲ್ಲ ಸುತ್ತಿ, ಅಳೆದು, ಬುಗುರಿಯ ಮಾತನ್ನೂ ಕೇಳಿದರು.

“ಜಾರುಬಂಡೆ ಆಗಲ್ಲ ಪುಟ್ಟಾ. ಜಾಗ ಚಿಕ್ಕದು. ಅದನ್ನ ಮಾಡಿದ್ರೆ ಅಜ್ಜಿ ರೂಮು ಮೇಲೆ ಹೋಗುತ್ತೆ.”

“ಹೋಗ್ಲಿ ಬಿಡಮ್ಮ,” ಎಂದರು ಅಜ್ಜಿ. “ನಾನೂ ಜಾರ್ಕೊಂಡೇ ಇಳೀತೀನಿ. ಹತ್ತೋದು ಹ್ಯಾಗೆ ಅನ್ನೋದೇ ಯೋಚನೆ!”

ಎಲ್ಲರೂ ನಕ್ಕರು. ಬುಗುರಿ ಮಾತ್ರ ಕಾಲ್ಬೆರಳಲ್ಲಿ ಮಣ್ಣು ಕೆದಕುತ್ತಿದ್ದಳು.

“ಅಜ್ಜಿ ರೂಮು ಕೆಳಗೇ ಇರ್ಲಿ,” ಎಂದಳು ಕೊನೆಗೆ. “ಆದ್ರೆ... ಅಜ್ಜಿ ಕೂತಲ್ಲಿಂದ್ಲೇ ರೋಡು ಕಾಣೋ ಥರ ಕಿಟಕಿ ಆಗುತ್ತಾ?”

ಆಂಟಿ ಸ್ಟೂಲನ್ನು ಮೂಲೆಗೆ ಒಯ್ದು ಕೂತರು. ಕತ್ತು ಓರೆ ಮಾಡಿ ರಸ್ತೆಯತ್ತ ನೋಡಿದರು. ಸ್ಟೂಲನ್ನು ಇಷ್ಟು ಸರಿಸಿ ಮತ್ತೆ ನೋಡಿದರು.

“ಏನೇ, ಇವರೇ ಆಗಬಹುದಾ?” ಅಪ್ಪ ಬುಗುರಿಯ ಕಿವಿಯಲ್ಲಿ ಕೇಳಿದರು.

“ಶ್! ಸುಮ್ನಿರಪ್ಪ. ಆಂಟಿ ಇನ್ನೂ ನೋಡ್ತಿದಾರೆ.”

ಅವಳು ಸದ್ದಿಲ್ಲದೆ ಹೋಗಿ ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ತಾನೂ ಕತ್ತು ಓರೆ ಮಾಡಿದಳು.